ಪರದೇಶದ ಅಡುಗೆಮನೆಯಲ್ಲಿ ಬಿಯರ್

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡ ಎನ್ನುತ್ತಾರೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದವಾನಿ, ಆಲೂರು, ಕೋಸಿಗಿ, ಕೌತಾಳಂ, ಹೊಳಗುಂದದ ಕಡೆಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳದ ದಂಡೆಯ ಈಚಲ ಮರವನ್ನೂ ಅದರ ಕೊರಳಿಗೆ ಕಟ್ಟಿದ ಗಡಿಗೆಯನ್ನೂ ನಾವು ನೋಡುತ್ತಲೇ ಬೆಳೆದಿದ್ದೇವೆ. ನಸುಕಿನಲ್ಲಿ ಸಿಹಿಯಾಗಿರುವ ನೀರಾ ಬಿಸಿಲೇರಿದಂತೆ ಹುಳಿಯಾಗಿ, ನೊರೆಯೆದ್ದು, ಹೆಂಡವಾಗುವುದನ್ನು ಯಾವ ಪುಸ್ತಕವನ್ನೂ ಓದದೆ ನಮ್ಮ ಹಿರಿಯರು ತಿಳಿದಿದ್ದರು.

ಈಗ ಅದೇ ವಿಷಯ ಬೇರೊಂದು ರೂಪದಲ್ಲಿ ನಮ್ಮ ಮನೆಗಳಿಗೆ ಬರುತ್ತಿದೆ. ಪಶ್ಚಿಮ ಕರ್ನೂಲಿನಿಂದ ಹೊರಗೆ ದುಡಿಯಲು ಹೋಗುವವರಲ್ಲಿ ಹೆಚ್ಚಿನವರು ಇಂದಿಗೂ ಗುಂಟೂರಿನ ಮೆಣಸಿನಕಾಯಿ, ಹತ್ತಿ ಹೊಲಗಳಿಗೆ ‘ಸುಗ್ಗಿ’ಗೆ ಹೋಗುವ ಬಡವರೇ, ಇಲ್ಲವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರು. ಆದರೆ ಓದಿದ ಮಕ್ಕಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಎಂದು ಹೊರಟಿದ್ದಾರೆ. ರಾಯಲಸೀಮೆಯ ಕಡಪ, ರಾಯಚೋಟಿಗಳಿಂದ ಕುವೈತ್ ಮುಂತಾದ ಕೊಲ್ಲಿ ನಾಡುಗಳಿಗೆ ಹೋದವರ ದಾರಿಯನ್ನು ನಮ್ಮ ಕಡೆಯವರೂ ಕೆಲವರು ಹಿಡಿದಿದ್ದಾರೆ. ಹೀಗೆ ಹೋದವರು ರಜೆಗೆ ಬಂದಾಗ ಫೋನಿನಲ್ಲಿ ಚಿತ್ರಗಳನ್ನು ತೋರಿಸುತ್ತಾರೆ. ದೊಡ್ಡ ಪ್ಲಾಸ್ಟಿಕ್ ಬಕೆಟ್ಟು, ಅದರ ಮುಚ್ಚಳಕ್ಕೊಂದು ಗಾಜಿನ ಕೊಳವೆ, ಸಾಲಾಗಿ ನಿಲ್ಲಿಸಿದ ಸೀಸೆಗಳು. “ನಾವೇ ಮನೆಯಲ್ಲಿ ಮಾಡಿದ ಬಿಯರ್” ಎಂಬ ವಿವರಣೆ ಬೇರೆ. ಅಪ್ಪನಿಗೆ ಕುತೂಹಲ, ಅಮ್ಮನಿಗೆ ದಿಗಿಲು. ಇದು ತಪ್ಪೋ ಸರಿಯೋ ಎಂದು ಯಾರನ್ನು ಕೇಳುವುದು?

ಪ್ರಿಯ ಓದುಗರೇ, ಒಂದೇ ಮಾತಿನಲ್ಲಿ ತಪ್ಪು ಅಥವಾ ಸರಿ ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಉತ್ತರವಾಗುವುದಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ. ಆ ಬಕೆಟ್ಟು ಇರುವುದು ಯಾವ ನಾಡಿನಲ್ಲಿ? ಅದರೊಳಗೆ ಇರುವುದು ಏನು? ಆ ಮನೆಯಲ್ಲಿ ಅವನ ಜೊತೆಗೆ ಇನ್ನು ಯಾರಿದ್ದಾರೆ?

ಗಡಿ ಕಲಿಸಿದ ಪಾಠ

ಮೊದಲ ಪ್ರಶ್ನೆಯನ್ನು ನಮ್ಮಷ್ಟು ಚೆನ್ನಾಗಿ ಅರಿತವರು ಬೇರೆ ಯಾರೂ ಇರಲಾರರು. ಒಂದು ಗೆರೆ ದಾಟಿದರೆ ಕಾನೂನು ಬದಲಾಗುತ್ತದೆ ಎಂಬುದನ್ನು ಆದವಾನಿಯ ಜನ ಬಾಳಿ ತಿಳಿದವರು. ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು; ಬಳ್ಳಾರಿ ಮೈಸೂರಿಗೆ ಸೇರಿತು. ಮನೆಯ ಮಾತು ಕನ್ನಡವೇ ಉಳಿಯಿತು. ಹೆಣ್ಣು ಕೊಡುವುದು ತರುವುದು ಸಿರುಗುಪ್ಪ, ಬಳ್ಳಾರಿ, ರಾಯಚೂರುಗಳ ಕಡೆಗೇ ನಡೆಯಿತು. ಆದರೆ ಕಚೇರಿ, ಪೊಲೀಸು, ಅಬಕಾರಿ ಇಲಾಖೆಗಳು ಬೇರೆಯಾದವು. ಮದ್ಯದ ವಿಷಯವನ್ನು ನಮ್ಮ ಸಂವಿಧಾನ ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿರುವುದರಿಂದ ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ.

ಇದರ ಫಲವನ್ನು ನೋಡಿರಿ. ಆಂಧ್ರಪ್ರದೇಶದಲ್ಲಿ ಸಾರಾಯಿಯನ್ನು 1993ರ ಅಕ್ಟೋಬರ್ 1ರಿಂದ ನಿಷೇಧಿಸಲಾಯಿತು. ಕರ್ನಾಟಕದಲ್ಲಿ ಅದೇ ಸಾರಾಯಿ 2007ರ ಜುಲೈ 1ರವರೆಗೂ ಅಂಗಡಿಯಲ್ಲಿ ಸಿಗುತ್ತಿತ್ತು. ಅಂದರೆ ಸುಮಾರು 14 ವರ್ಷಗಳ ಕಾಲ ತುಂಗಭದ್ರೆಯ ಈಚೆ ದಡದಲ್ಲಿ ಅಪರಾಧವಾಗಿದ್ದದ್ದು ಆಚೆ ದಡದಲ್ಲಿ ಸರ್ಕಾರಕ್ಕೆ ಆದಾಯವಾಗಿತ್ತು! 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಸಂಪೂರ್ಣ ಪಾನನಿಷೇಧವನ್ನು ತಂದಿತು. 1997ರಲ್ಲಿ ಅದು ಸಡಿಲವಾಯಿತು. ಆ ಎರಡು ವರ್ಷಗಳೂ ಗಡಿಯಾಚೆಗೆ ಅಂಗಡಿಗಳು ತೆರೆದೇ ಇದ್ದವು. ಮುಂದೆ 2019ರಿಂದ 2024ರವರೆಗೆ ಆಂಧ್ರದಲ್ಲಿ ಮದ್ಯದ ಅಂಗಡಿಗಳನ್ನು ಸರ್ಕಾರವೇ ನಡೆಸಿ ಬೆಲೆಯನ್ನು ಏರಿಸಿದಾಗ, ಕರ್ನಾಟಕದ ಪೊಟ್ಟಣಗಳನ್ನು ಚೀಲದಲ್ಲಿ ತುಂಬಿಕೊಂಡು ಗಡಿ ದಾಟಿ ಸಿಕ್ಕಿಬಿದ್ದವರ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಪೊಟ್ಟಣದೊಳಗಿನ ವಸ್ತು ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ನೆಲ.

ಪರದೇಶಕ್ಕೆ ಹೋಗುವ ನಮ್ಮ ಮಕ್ಕಳಿಗೆ ಈ ಪಾಠವೇ ಬುತ್ತಿಯಾಗಬೇಕು. ನದಿಯೊಂದನ್ನು ದಾಟಿದರೇ ಇಷ್ಟು ವ್ಯತ್ಯಾಸವಾದರೆ ಸಮುದ್ರ ದಾಟಿದ ಮೇಲೆ ಎಷ್ಟಾಗಬೇಡ?

ಬಕೆಟ್ಟಿನೊಳಗೆ ನಡೆಯುವುದೇನು?

ಕಾನೂನಿನ ಮಾತಿಗೆ ಮುಂದುವರಿಯುವ ಮೊದಲು ಬಿಯರ್ ಎಂದರೆ ಏನು ಎಂಬುದನ್ನು ತಿಳಿಯುವುದು ಒಳ್ಳೆಯದು. ತಿಳಿಯದ ವಸ್ತುವಿನ ಬಗ್ಗೆ ಭಯವೂ ಹೆಚ್ಚು, ಮೋಹವೂ ಹೆಚ್ಚು.

ಬಿಯರಿಗೆ ಬೇಕಾದದ್ದು ನಾಲ್ಕೇ ವಸ್ತು: ಬಾರ್ಲಿ, ನೀರು, ಹಾಪ್ಸ್ ಎಂಬ ಬಳ್ಳಿಯ ಹೂವು ಮತ್ತು ಯೀಸ್ಟ್. ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮಗುವಿಗೆ ಸರಿ ಉಣಿಸಲು ನಮ್ಮ ತಾಯಂದಿರು ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವುದೂ ಇದೇ ಕೆಲಸ. ಆ ಮಾಲ್ಟನ್ನು ಒಡೆದು, ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಕಾಳಿನಲ್ಲಿರುವ ಪಿಷ್ಟ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಸೋಸಿದ ಆ ಸಿಹಿ ನೀರನ್ನು ಹಾಪ್ಸ್ ಹೂವಿನೊಡನೆ ಸುಮಾರು ಒಂದು ಗಂಟೆ ಕುದಿಸುತ್ತಾರೆ. ಬಿಯರಿನ ಕಹಿ ಬರುವುದು ಈ ಹೂವಿನಿಂದ. ಬೇಗ ಕೆಡದಂತೆ ಕಾಯುವುದೂ ಅದೇ. ಬಳಿಕ ತಣ್ಣಗಾಗಿಸಿ, ಯೀಸ್ಟ್ ಬೆರೆಸಿ, ಮುಚ್ಚಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಗಾಳಿಯನ್ನೂ ಬಿಡುತ್ತದೆ. ಮುಚ್ಚಳದ ಮೇಲಿನ ಗಾಜಿನ ಕೊಳವೆ ಇರುವುದು ಒಳಗಿನ ಗಾಳಿ ಹೊರಗೆ ಹೋಗಲಿ, ಹೊರಗಿನ ಗಾಳಿ ಒಳಗೆ ಬಾರದಿರಲಿ ಎಂದು. ಒಂದೆರಡು ವಾರಗಳಾದ ಮೇಲೆ ಸೀಸೆಗೆ ತುಂಬಿ, ಚಿಟಿಕೆ ಸಕ್ಕರೆ ಹಾಕಿ, ಮುಚ್ಚಿ, ಮತ್ತೆರಡು ವಾರ ಬಿಟ್ಟರೆ ನೊರೆ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ಮನೆಯಲ್ಲಿ ಒಂದು ಸಲಕ್ಕೆ 19 ಲೀಟರಿನಷ್ಟು ಮಾಡುತ್ತಾರೆ. ಅದರಲ್ಲಿ ಮದ್ಯಸಾರ ಶೇಕಡ 4ರಿಂದ 6ರಷ್ಟು ಇರುತ್ತದೆ.

ದೋಸೆಯ ಹಿಟ್ಟು ರಾತ್ರಿಯಲ್ಲಿ ಉಬ್ಬುವುದು, ಜೋಳದ ಅಂಬಲಿ ಹುಳಿಯಾಗುವುದು, ನೀರಾ ಹೆಂಡವಾಗುವುದು ಎಲ್ಲವೂ ಇದರ ಬಂಧುಗಳೇ. ಬರದ ನಾಡಾದ ನಮ್ಮಲ್ಲಿ ರೊಟ್ಟಿಗೆ ಆಸರೆಯಾದ ಜೋಳದಿಂದಲೂ ಬಿಯರ್ ಆಗುತ್ತದೆ. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಹೆಂಗಸರು ಜೋಳದ ಮೊಳಕೆಯಿಂದ ಮನೆಯಲ್ಲೇ ಬಿಯರ್ ತಯಾರಿಸುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಅದನ್ನು ಉಮ್‌ಕೊಂಬೋತಿ ಎನ್ನುತ್ತಾರೆ. ಮೆಕ್ಕೆಜೋಳವನ್ನೂ ಅದಕ್ಕೆ ಬೆರೆಸುತ್ತಾರೆ. ಮದುವೆಗೆ, ಹಬ್ಬಕ್ಕೆ, ಹಿರಿಯರ ನೆನಪಿಗೆ ಅದು ಬೇಕೇ ಬೇಕು.

ಇಲ್ಲಿ ಒಂದು ಭೇದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹುಳಿ ಬರಿಸುವುದು ಒಂದು. ಭಟ್ಟಿ ಇಳಿಸುವುದು ಇನ್ನೊಂದು. ಹುಳಿ ಬಂದ ರಸವನ್ನು ಕಾಯಿಸಿ, ಅದರ ಆವಿಯನ್ನು ತಣಿಸಿ ಹಿಡಿದರೆ ಅದು ಬಿಯರಲ್ಲ, ಸಾರಾಯಿ. ಬಾರ್ಲಿಯ ಬಿಯರನ್ನು ಶುಚಿಯಾಗಿ ಮಾಡದಿದ್ದರೆ ಅದು ಹುಳಿಯಾಗಿ ಚೆಲ್ಲುವಂತಾಗುತ್ತದೆ. ಸಕ್ಕರೆ ಹೆಚ್ಚಾದರೆ ಸೀಸೆ ಸಿಡಿದು ಗಾಜು ಚುಚ್ಚಬಹುದು. ಮಿತಿ ಮೀರಿ ಕುಡಿದರೆ ಬಿಯರೂ ಲಿವರನ್ನು ಕೆಡಿಸುತ್ತದೆ, ಮನೆಯನ್ನೂ ಕೆಡಿಸುತ್ತದೆ. ಆದರೆ ಒಂದೇ ರಾತ್ರಿಯಲ್ಲಿ ಕಣ್ಣು ಕಳೆಯುವ, ಜೀವ ತೆಗೆಯುವ ವಿಷ ಬರುವುದು ಬೇರೆಯ ದಾರಿಯಿಂದ. ಆ ಮಾತನ್ನು ಮುಂದೆ ಹೇಳುತ್ತೇವೆ.

ಅನುಮತಿ ಇರುವ ನಾಡು, ಇಲ್ಲದ ನಾಡು

ಅಮೆರಿಕದಲ್ಲಿ 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ಪಾನನಿಷೇಧದಲ್ಲಿತ್ತು. ಅದು ಮುಗಿದ ಮೇಲೆ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅನುಮತಿ ದೊರೆಯಿತು, ಬಿಯರಿಗೆ ದೊರೆಯಲಿಲ್ಲ. ಈ ಕೊರತೆ ತುಂಬಲು 45 ವರ್ಷ ಬೇಕಾಯಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಮಸೂದೆಗೆ ಸಹಿ ಹಾಕಿದರು. 1979ರ ಫೆಬ್ರವರಿಯಿಂದ ಅದು ಜಾರಿಗೆ ಬಂತು. ಅದರಂತೆ ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್. ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯವರು 200 ಗ್ಯಾಲನ್ ಬಿಯರನ್ನು ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಭಟ್ಟಿ ಇಳಿಸುವುದು ಈ ಅನುಮತಿಯಲ್ಲಿ ಸೇರಿಲ್ಲ. ಒಂದೊಂದು ಸಂಸ್ಥಾನಕ್ಕೂ ತನ್ನದೇ ನಿಯಮಗಳುಂಟು. ಅಲಬಾಮ, ಮಿಸಿಸಿಪ್ಪಿಗಳು ಮನೆಯ ಬಿಯರಿಗೆ ಒಪ್ಪಿದ್ದು 2013ರಲ್ಲಿ ಮಾತ್ರ. ಅಧ್ಯಕ್ಷ ಒಬಾಮರ ಕಾಲದಲ್ಲಿ ಶ್ವೇತಭವನದ ಅಡುಗೆಯವರು ಅಲ್ಲಿನ ತೋಟದ ಜೇನುತುಪ್ಪವನ್ನು ಬೆರೆಸಿ ಬಿಯರ್ ತಯಾರಿಸಿದ್ದರು. ಅದನ್ನು ಮಾಡುವ ವಿಧಾನವನ್ನು 2012ರಲ್ಲಿ ಪ್ರಕಟಿಸಲಾಯಿತು. ಇಂಗ್ಲೆಂಡಿನಲ್ಲಿ ಮನೆಯ ಬಿಯರಿಗೆ ಲೈಸೆನ್ಸ್ ಬೇಕೆಂಬ ನಿಯಮವನ್ನು 1963ರಲ್ಲೇ ಕೈಬಿಟ್ಟರು. ಆಸ್ಟ್ರೇಲಿಯಾ, ಕೆನಡಾಗಳಲ್ಲಿಯೂ ಸ್ವಂತ ಬಳಕೆಗೆ ಮಾಡಿಕೊಳ್ಳಬಹುದು.

ಆದರೆ ಅಮೆರಿಕದಲ್ಲಿ ಕಲಿತವನು ಜಪಾನಿಗೆ ವರ್ಗವಾದನೆಂದರೆ ಮಾತೇ ಬೇರೆ. ಅಲ್ಲಿ ಶೇಕಡ 1 ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರ ಬರುವ ಯಾವ ಪಾನೀಯವನ್ನೂ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ತಯಾರಿಸುವಂತಿಲ್ಲ. ಸೌದಿ ಅರೇಬಿಯಾ, ಕುವೈತ್‌ಗಳಲ್ಲಿ ಅದನ್ನು ಯೋಚಿಸುವುದೂ ಬೇಡ.

ಇನ್ನು ನಮ್ಮ ಊರು? ಬಹಳ ಮಂದಿಗೆ ಗೊತ್ತಿರದ ಸಂಗತಿ ಇದು. ಆಂಧ್ರಪ್ರದೇಶದ 1968ರ ಅಬಕಾರಿ ಕಾಯಿದೆಯಂತೆ, ಕರ್ನಾಟಕದ 1965ರ ಅಬಕಾರಿ ಕಾಯಿದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅದರಲ್ಲಿ ಬಿಯರೂ ಸೇರಿದೆ. ಹತ್ತು ವರ್ಷ ಅಮೆರಿಕದಲ್ಲಿದ್ದು ಆದವಾನಿಗೆ ಮರಳಿದ ಇಂಜಿನಿಯರ್ ತನ್ನ ಬಕೆಟ್ಟು, ಕೊಳವೆಗಳನ್ನು ಸೂಟ್‌ಕೇಸಿನಲ್ಲಿ ತಂದು ಇಲ್ಲಿ ಬಾರ್ಲಿ ನೆನೆಸಿದರೆ ಅಲ್ಲಿನ ಹವ್ಯಾಸ ಇಲ್ಲಿ ಮೊಕದ್ದಮೆಯಾಗುತ್ತದೆ. ಕ್ರಿಸ್ಮಸ್ ಹಬ್ಬಕ್ಕೆಂದು ಮನೆಯಲ್ಲಿ ದ್ರಾಕ್ಷಾರಸ ಮಾಡುವ ಪದ್ಧತಿ ಕರಾವಳಿಯಲ್ಲೂ ಕೇರಳದಲ್ಲೂ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಇದೆ. 2019ರ ಕ್ರಿಸ್ಮಸ್‌ಗೆ ಮುನ್ನ ಮನೆಯ ವೈನೂ ಕಾನೂನಿನ ಹಿಡಿತಕ್ಕೆ ಬರುತ್ತದೆಂದು ಕೇರಳದ ಅಬಕಾರಿ ಇಲಾಖೆ ಎಚ್ಚರಿಸಿದಾಗ ಅನೇಕರು ಬೆರಗಾದರು. ಹಬ್ಬದ ಸಂಭ್ರಮಕ್ಕೆ ಕಾನೂನು ತಿಳಿಯದು. ಕಾನೂನಿಗೆ ಹಬ್ಬ ತಿಳಿಯದು.

ನೀಲಿ ಉರಿಯ ಮೋಸ

ಕೊಲ್ಲಿ ನಾಡುಗಳ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ನಮ್ಮವರ ಪ್ರಾಣಕ್ಕೆ ಅಪಾಯ ಇರುವುದು ಅಲ್ಲಿ.

ಸೌದಿ ಅರೇಬಿಯಾದಲ್ಲಿ ತೈಲದ ಕೆಲಸಕ್ಕೆ ಬಂದ ವಿದೇಶೀಯರಿಗೆ ಮೊದಮೊದಲು ಮದ್ಯ ದೊರೆಯುತ್ತಿತ್ತು. 1951ರ ನವೆಂಬರಿನಲ್ಲಿ ಜೆಡ್ಡಾ ನಗರದಲ್ಲಿ ಕುಡಿದ ಅಮಲಿನಲ್ಲಿದ್ದ ರಾಜಕುಮಾರನೊಬ್ಬ ಬ್ರಿಟಿಷ್ ಉಪರಾಯಭಾರಿಯನ್ನು ಗುಂಡಿಟ್ಟು ಕೊಂದನು. 1952ರಲ್ಲಿ ದೊರೆ ಇಬ್ನ್ ಸೌದ್ ಮದ್ಯವನ್ನು ಪೂರ್ತಿ ನಿಷೇಧಿಸಿದನು. ಆಗ ತೈಲ ಕಂಪನಿಯ ವಸತಿಗಳಲ್ಲಿದ್ದ ಅಮೆರಿಕನ್ನರು ಏನು ಮಾಡಿದರು? ಅಡುಗೆಮನೆಗಳಲ್ಲೇ ಹುಳಿ ಬರಿಸಿದರು, ಭಟ್ಟಿ ಇಳಿಸಿದರು. ಅದಕ್ಕೆ ಅರಬ್ಬಿಯಲ್ಲಿ ‘ನನ್ನ ಗೆಳೆಯ’ ಎಂಬ ಅರ್ಥದ ‘ಸದೀಕಿ’ ಎಂಬ ಮುದ್ದಿನ ಹೆಸರಿಟ್ಟರು. ಸುರಕ್ಷಿತವಾಗಿ ಇಳಿಸುವ ಬಗೆಯನ್ನು ವಿವರಿಸುವ ‘ನೀಲಿ ಉರಿ’ ಎಂಬ ಅರ್ಥದ ಹೆಸರಿನ ಕಿರುಪುಸ್ತಕವೂ ಕೈಯಿಂದ ಕೈಗೆ ಓಡಾಡಿತು.

ನಮ್ಮ ಹಳ್ಳಿಗಳಲ್ಲಿಯೂ ಸಾರಾಯಿಯನ್ನು ಪರೀಕ್ಷಿಸಲು ಕಡ್ಡಿ ಗೀರುತ್ತಿದ್ದರು. ನೀಲಿಯಾಗಿ ಉರಿದರೆ ‘ಅಸಲಿ ಮಾಲು’ ಎಂಬ ನಂಬಿಕೆ. ಇದೊಂದು ಕೊಲ್ಲುವ ನಂಬಿಕೆ. ಮೆಥನಾಲ್ ಎಂಬ ಕಾರ್ಖಾನೆಯ ಸಾರವೂ ಉರಿಯುವುದು ನೀಲಿಯಾಗಿಯೇ. ನೋಡಲು, ಮೂಸಲು, ಕುಡಿಯಲು ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಮೆಥನಾಲ್ ಹೊಟ್ಟೆಗೆ ಹೋದಾಗ ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಆ ಆಮ್ಲ ಮೊದಲು ಹೊಡೆಯುವುದು ಕಣ್ಣಿನ ನರವನ್ನು. ಹೆಚ್ಚು ಲಾಭದ ಆಸೆಗೆ ಮಾರಾಟಗಾರರು ಅಗ್ಗದ ಈ ಸಾರವನ್ನು ಬೆರೆಸಿದಾಗಲೇ ಊರಿಗೆ ಊರೇ ಸಾವಿನ ಮನೆಯಾಗುವುದು. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡುಗಳ ಗಡಿಯ ಕಡೆಗಳಲ್ಲಿ 150ಕ್ಕೂ ಹೆಚ್ಚು ಜನ, 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಹೀಗೆ ಸತ್ತರು.

ಇದೇ ದುರಂತ 2025ರ ಆಗಸ್ಟಿನಲ್ಲಿ ಕುವೈತ್‌ನಲ್ಲಿ ನಡೆಯಿತು. ಅಲ್ಲಿ ಮದ್ಯಕ್ಕೆ 1960ರ ದಶಕದಿಂದಲೂ ನಿಷೇಧವಿದೆ. ಕದ್ದು ತಯಾರಿಸಿದ ಮದ್ಯದಲ್ಲಿದ್ದ ಮೆಥನಾಲಿನಿಂದ 23 ಜನ ಸತ್ತರೆಂದು, 160 ಜನರಿಗೆ ವಿಷವೇರಿತೆಂದು ಅಲ್ಲಿನ ಆರೋಗ್ಯ ಇಲಾಖೆ ತಿಳಿಸಿತು. ಕೆಲವರು ದೃಷ್ಟಿ ಕಳೆದುಕೊಂಡರು. ಅನೇಕರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಸಂಕಟಕ್ಕೆ ಸಿಕ್ಕಿದವರೆಲ್ಲ ಏಷ್ಯಾದ ನಾಡುಗಳಿಂದ ಹೋದ ದುಡಿಮೆಗಾರರು. ಸುಮಾರು 40 ಭಾರತೀಯರು ಆಸ್ಪತ್ರೆ ಸೇರಿದ್ದರೆಂದು ನಮ್ಮ ರಾಯಭಾರ ಕಚೇರಿ ಹೇಳಿತು. ಊರಲ್ಲಿ ಸಾಲ ಮಾಡಿ, ಏಜೆಂಟನಿಗೆ ಹಣ ಕೊಟ್ಟು, ವಿಮಾನ ಹತ್ತಿದವರು ಅವರು. ಒಂದು ಕೋಣೆಯಲ್ಲಿ ಆರೆಂಟು ಜನ, ಮೈ ಸುಡುವ ಬಿಸಿಲು, ತಿಂಗಳಾದರೂ ಮಗುವಿನ ಮುಖವನ್ನು ಫೋನಿನಲ್ಲಿ ಮಾತ್ರ ನೋಡುವ ಬದುಕು. ವಾರದ ರಜೆಯ ದಿನ ಯಾರೋ ಒಂದು ಸೀಸೆ ತಂದು “ಮನೆಯಲ್ಲೇ ಮಾಡಿದ್ದು, ಒಳ್ಳೆಯದು” ಎಂದಾಗ ಅದು ಎಲ್ಲಿಯದು, ಯಾರು ಮಾಡಿದ್ದು ಎಂದು ಕೇಳುವ ಮನಸ್ಸು ಎಷ್ಟು ಜನಕ್ಕೆ ಇರುತ್ತದೆ?

ಆದ್ದರಿಂದ ಕೊಲ್ಲಿ ನಾಡಿನಲ್ಲಿರುವವರಿಗೆ ನಮ್ಮ ಮಾತು ಇಷ್ಟೇ. ಬೇರೆಯವರ ಕೈಯ ಸೀಸೆಯನ್ನು ಮುಟ್ಟಬೇಡಿರಿ. ನಿಮ್ಮ ಕೋಣೆಯಲ್ಲಿ ಯಾರಾದರೂ ಅಂಥದ್ದನ್ನು ಕುಡಿದು, ಅರ್ಧ ದಿನ ಅಥವಾ ಒಂದು ದಿನ ಕಳೆದ ಮೇಲೆ ಕಣ್ಣು ಮಂಜಾಗಿದೆ, ಹೊಟ್ಟೆ ಹಿಂಡುತ್ತಿದೆ, ವಾಂತಿಯಾಗುತ್ತಿದೆ, ಉಸಿರಾಟ ಕಷ್ಟವಾಗಿದೆ ಎಂದರೆ ‘ನಶೆ ಇಳಿದರೆ ಸರಿಹೋದೀತು’ ಎಂದು ಮಲಗಿಸಬೇಡಿರಿ. ಆಗ ನಶೆ ಇಳಿದಿರುತ್ತದೆ, ಏರುತ್ತಿರುವುದು ವಿಷ. ಇದಕ್ಕೆ ಔಷಧವಿದೆ, ಡಯಾಲಿಸಿಸ್ ಇದೆ. ಆದರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಪೊಲೀಸರ ಭಯಕ್ಕೆ ಗೆಳೆಯನನ್ನು ಕೋಣೆಯಲ್ಲೇ ಬಿಟ್ಟರೆ ಅವನ ಹೆಂಡತಿಗೆ, ಮಕ್ಕಳಿಗೆ ಮುಂದೆ ಏನು ಉತ್ತರ ಹೇಳುವಿರಿ? ಭಾರತದ ರಾಯಭಾರ ಕಚೇರಿಯ ಸಹಾಯವಾಣಿಯ ಸಂಖ್ಯೆಯನ್ನು ಹೋದ ದಿನವೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿರಿ. ಊರಿನಲ್ಲಿರುವ ಮನೆಯವರೂ ಅದನ್ನು ಕೇಳಿ ಪಡೆದಿರಲಿ.

ಮಠದ ಗೋಡೆಯೊಳಗಿನ ಬಿಯರ್

‘ಹಾಗಾದರೆ ಬಿಯರ್ ಎಂಬುದೇ ಪಾಪವೇ?’ ಎಂದು ಕೇಳುವವರಿದ್ದಾರೆ. ಧರ್ಮಸಭೆ ಹಾಗೆ ಹೇಳಿಲ್ಲ. ಕಾನಾ ಊರಿನ ಮದುವೆಯಲ್ಲಿ ಪ್ರಭು ಯೇಸು ನೀರನ್ನು ದ್ರಾಕ್ಷಾರಸವಾಗಿಸಿದರು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗೆ ನಿಯಮ ಬರೆದಾಗ, ಸನ್ಯಾಸಿಗಳು ಕುಡಿಯದಿರುವುದೇ ಒಳ್ಳೆಯದೆಂದು ಬಗೆದರೂ, ಕಾಲದ ಜನರ ದೌರ್ಬಲ್ಯವನ್ನು ನೆನೆದು ದಿನಕ್ಕೊಂದು ಸಣ್ಣ ಅಳತೆಯನ್ನು ಗೊತ್ತುಮಾಡಿದರು. ದ್ರಾಕ್ಷಿ ಬೆಳೆಯದ ಉತ್ತರ ಯೂರೋಪಿನ ಮಠಗಳಲ್ಲಿ ಆ ಜಾಗಕ್ಕೆ ಬಿಯರ್ ಬಂತು. ಬವೇರಿಯಾದ ವೈಹೆನ್‌ಸ್ಟೆಫನ್ ಮಠ 1040ನೆಯ ಇಸವಿಯಿಂದ ಬಿಯರ್ ಮಾಡುತ್ತಿತ್ತೆಂದು ಅಲ್ಲಿನ ಸಂಪ್ರದಾಯ ಹೇಳುತ್ತದೆ. ಹಾಪ್ಸ್ ಹೂವು ಪಾನೀಯವನ್ನು ಕೆಡದಂತೆ ಕಾಯುತ್ತದೆ ಎಂಬುದನ್ನು ಹನ್ನೆರಡನೆಯ ಶತಮಾನದಲ್ಲೇ ಬರೆದಿಟ್ಟವರು ಸಂತ ಹಿಲ್ಡೆಗಾರ್ಡ್ ಎಂಬ ಸನ್ಯಾಸಿನಿ. ಬೆಲ್ಜಿಯಮ್ಮಿನ ಟ್ರಾಪಿಸ್ಟ್ ಮಠಗಳು ಇಂದಿಗೂ ಬಿಯರ್ ಮಾಡಿ, ಬಂದ ಹಣದಿಂದ ಮಠವನ್ನೂ ಬಡವರ ಸೇವೆಯನ್ನೂ ನಡೆಸುತ್ತಿವೆ. ರೋಮನ್ ವಿಧಿಗ್ರಂಥದಲ್ಲಿ ಬಿಯರನ್ನು ಆಶೀರ್ವದಿಸುವ ಪ್ರಾರ್ಥನೆಯೂ ಇದೆ.

ಆದರೆ ಅದೇ ಧರ್ಮಸಭೆಯಲ್ಲಿ ಇನ್ನೊಂದು ಧ್ವನಿಯೂ ಇದೆ. ಐರ್ಲೆಂಡಿನ ಕಪುಚಿನ್ ಗುರು ಫಾದರ್ ಥಿಯೋಬಾಲ್ಡ್ ಮ್ಯಾಥ್ಯೂ 1838ರಲ್ಲಿ ಕಾರ್ಕ್ ನಗರದಲ್ಲಿ ಕುಡಿತ ಬಿಡುವ ಪ್ರತಿಜ್ಞೆಯ ಚಳವಳಿಯನ್ನು ಆರಂಭಿಸಿದರು. ಲಕ್ಷಾಂತರ ಜನ ಪ್ರತಿಜ್ಞೆ ಮಾಡಿದರು. ಬಿಯರ್ ಮಾಡಿದ ಸನ್ಯಾಸಿಗಳೂ ಅದನ್ನು ಬಿಡಿಸಿದ ಈ ಗುರುವೂ ಒಂದೇ ವಿಶ್ವಾಸದವರು. ಮಠದಲ್ಲಿ ಅಳತೆ ಇತ್ತು, ಗಂಟೆ ಇತ್ತು, ಜೊತೆಗೆ ಕುಳಿತ ಸಹೋದರರಿದ್ದರು. ಐರ್ಲೆಂಡಿನ ಬಡವನ ಗುಡಿಸಿಲಲ್ಲಿ ಅಳತೆ ಇರಲಿಲ್ಲ, ಹಸಿದ ಮಕ್ಕಳಿದ್ದರು. ಅದಕ್ಕೆಂದೇ ಅಲ್ಲಿ ಬೇರೆ ಮದ್ದು ಬೇಕಾಯಿತು.

ಮನೆಯಲ್ಲಿ ಇನ್ನು ಯಾರಿದ್ದಾರೆ?

ಇದರಿಂದ ನಾವು ಮೂರನೆಯ ಪ್ರಶ್ನೆಗೆ ಬಂದೆವು. ಈ ಪ್ರಶ್ನೆಯನ್ನು ಆಂಧ್ರದ ನೆಲದಲ್ಲಿ ಗಟ್ಟಿಯಾಗಿ ಕೇಳಿದವರು ನೆಲ್ಲೂರು ಜಿಲ್ಲೆಯ ದೂಬಗುಂಟದ ಬಡ ಹೆಂಗಸರು. 1990ರ ದಶಕದ ಆರಂಭದಲ್ಲಿ ರಾತ್ರಿಯ ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿಯುತ್ತ, ಸಾರಾಯಿ ತಮ್ಮ ಕೂಲಿಯನ್ನು ನುಂಗುತ್ತಿರುವ ಲೆಕ್ಕವನ್ನು ಅವರು ಮಾಡಿದರು. ಊರಿಗೆ ಸಾರಾಯಿ ಬಾರದಂತೆ ಅಡ್ಡ ನಿಂತರು. ದೂಬಗುಂಟ ರೋಸಮ್ಮ ಎಂಬ ಹೆಸರು ರಾಜ್ಯಕ್ಕೆಲ್ಲ ಪರಿಚಿತವಾಯಿತು. 1992ರಲ್ಲಿ ಆ ಕಿಡಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಮರುವರ್ಷ ಸರ್ಕಾರ ಮಣಿಯಿತು. ಅವರ ವಾದದಲ್ಲಿ ತತ್ವಶಾಸ್ತ್ರವಿರಲಿಲ್ಲ. ದುಡಿದ ಹಣ ಮನೆಗೆ ಬರಲಿ, ಗಂಡ ನೆಟ್ಟಗೆ ನಡೆದು ಬರಲಿ, ಮಕ್ಕಳು ಹೆದರದೆ ಮಲಗಲಿ ಎಂಬುದಷ್ಟೇ ಅವರ ಬೇಡಿಕೆ.

ಅಮೆರಿಕದ ಅಪಾರ್ಟ್‌ಮೆಂಟಿನಲ್ಲಿ ಕಾನೂನಿನಂತೆ ಬಿಯರ್ ಮಾಡುವ ನಮ್ಮ ಯುವಕನಿಗೂ ಆ ಹೆಂಗಸರ ಪ್ರಶ್ನೆ ಅನ್ವಯಿಸುತ್ತದೆ. ಹೆಂಡತಿಗೆ ಅದು ಸಮ್ಮತವೇ? ಮಕ್ಕಳು ಏನು ನೋಡಿ ಕಲಿಯುತ್ತಿದ್ದಾರೆ? ತಿಂಗಳಿಗೊಮ್ಮೆ ಗೆಳೆಯರು ಕೂಡಿ ಊಟದ ಜೊತೆಗೆ ಒಂದು ಲೋಟ ಕುಡಿಯುವ ಸಡಗರ ಅದು. ಅಥವಾ ಕೆಲಸ ಹೋದೀತೆಂಬ ಚಿಂತೆಯನ್ನು ಮರೆಯಲು ಒಬ್ಬನೇ ಕುಳಿತು ಕುಡಿಯುವ ಅಭ್ಯಾಸವೇ? ಅಂಗಡಿಗೆ ಹೋಗಿ ಕೊಳ್ಳುವವನಿಗೆ ದಾರಿಯೂ ಬೆಲೆಯೂ ಕಡಿವಾಣ. ಹತ್ತೊಂಬತ್ತು ಲೀಟರು ಮನೆಯಲ್ಲೇ ಇರುವವನಿಗೆ ಕಡಿವಾಣ ಅವನ ಮನಸ್ಸು ಮಾತ್ರ. ತಂದೆಗೋ ಅಣ್ಣನಿಗೋ ಕುಡಿತದ ರೋಗವಿದ್ದ ಮನೆಯಿಂದ ಬಂದವನು, ಒಮ್ಮೆ ಬಿಟ್ಟು ಹೊರಬಂದವನು, ಲಿವರಿನ ತೊಂದರೆಯವನು, ಗರ್ಭಿಣಿ, ಇಂಥವರಿಗೆ ಈ ಹವ್ಯಾಸ ಬೇಡವೇ ಬೇಡ. ಇನ್ನು ಕುಡಿದು ಕಾರು ನಡೆಸುವುದು ಎಲ್ಲಿಯೂ ಅಕ್ಷಮ್ಯ. ಹಾಗೆ ಸಿಕ್ಕಿಬಿದ್ದ ವಿದೇಶೀಯನ ವೀಸಾವನ್ನು ರದ್ದುಮಾಡುವ ಅಧಿಕಾರ ಅಮೆರಿಕ ಸರ್ಕಾರಕ್ಕಿದೆ. ಎದುರಿನ ಕಾರಿನಲ್ಲಿದ್ದವರ ಪ್ರಾಣವನ್ನು ಮರಳಿಸುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ.

ಒಂದು ಮಾತನ್ನು ಹಿರಿಯರಿಗೂ ಹೇಳಬೇಕು. ಮಗ ಬಕೆಟ್ಟಿನ ಚಿತ್ರ ತೋರಿಸಿದಾಗ ಕಿರುಚಾಡಿದರೆ ಮುಂದಿನ ಸಲ ಅವನು ತೋರಿಸುವುದಿಲ್ಲ, ಅಷ್ಟೆ. ಬಕೆಟ್ಟಂತೂ ಇದ್ದೇ ಇರುತ್ತದೆ. ಅದರ ಬದಲು ಕುಳಿತು ಕೇಳಿರಿ: ಅಲ್ಲಿ ಇದಕ್ಕೆ ಅನುಮತಿ ಇದೆಯೇ? ಬಿಯರೋ, ಭಟ್ಟಿಯೋ? ಯಾರ ಜೊತೆ ಕುಡಿಯುತ್ತೀ? ಸಂಜೆ ಬೇಸರವಾದಾಗ ಯಾರೊಡನೆ ಮಾತಾಡುತ್ತೀ? ಈ ಕೊನೆಯ ಪ್ರಶ್ನೆಗೆ ಉತ್ತರ ಬಾರದೆ ಹೋದರೆ, ಬಿಯರಿನ ವಿಷಯವನ್ನು ಬಿಟ್ಟು ಅದನ್ನೇ ಹಿಡಿಯಿರಿ. ವಾರಕ್ಕೊಮ್ಮೆ ಇದ್ದ ಫೋನು ಎರಡು ಸಲವಾಗಲಿ. ಅಲ್ಲಿಯ ಧರ್ಮಕೇಂದ್ರದ, ಕನ್ನಡ ಸಂಘದ, ತೆಲುಗು ಗೆಳೆಯರ ಪರಿಚಯ ಮಾಡಿಕೊಳ್ಳಲು ಹೇಳಿರಿ. ನಮ್ಮ ಆದವಾನಿಯವರಿಗೆ ಎರಡೂ ಭಾಷೆ ಬರುವುದರಿಂದ ನೆಂಟರೂ ಎರಡು ಪಾಲು ಸಿಗುತ್ತಾರೆ.

ಪರದೇಶದಲ್ಲಿರುವ ಮಕ್ಕಳೇ, ನೀವಿರುವ ನೆಲದ ಕಾನೂನನ್ನು ಮೊದಲು ಕೇಳಿ ತಿಳಿಯಿರಿ. ಅನುಮತಿ ಇಲ್ಲದ ಕಡೆ ಮಾಡಬೇಡಿರಿ. ಅನುಮತಿ ಇದ್ದರೂ ಭಟ್ಟಿಗೆ ಕೈಹಾಕಬೇಡಿರಿ, ಮಾರಬೇಡಿರಿ. ಮಾಡಿದ್ದನ್ನು ಮನೆಯವರಿಂದ ಮುಚ್ಚಿಡಬೇಕೆಂದು ಅನ್ನಿಸಿದ ದಿನ ಬಕೆಟ್ಟನ್ನು ತೊಳೆದು ಕವುಚಿಡಿರಿ. ಪ್ರಭು ನಿಮ್ಮನ್ನೂ ನಿಮಗಾಗಿ ಕಾಯುತ್ತಿರುವವರನ್ನೂ ಕಾಪಾಡಲಿ.